ಕಿಲೋಗೆ 12 ರೂಪಾಯಿ

ಅಜ್ಜನ ಟ್ರಂಕಿನಲ್ಲಿದ್ದ ಪುಸ್ತಕಗಳೆಲ್ಲ ಸೇರಿ 41 ಕಿಲೋ ತೂಗಿದವು. ಕಿಲೋಗೆ 12 ರೂಪಾಯಿ ಲೆಕ್ಕದಲ್ಲಿ 492 ರೂಪಾಯಿ. ಗುಜರಿಯವನು 500ರ ನೋಟು ಕೊಟ್ಟು, "ಚಿಲ್ಲರೆ ಇರ್ಲಿ ಬಿಡಿ ಅಮ್ಮಾ" ಅಂದನಂತೆ. ದೊಡ್ಡಮ್ಮ ಇದನ್ನು ಫೋನಿನಲ್ಲಿ ಹೇಳಿದ್ದು ಖುಷಿಯಿಂದಲೇ. 8 ರೂಪಾಯಿ ಜಾಸ್ತಿ ಸಿಕ್ಕಿತ್ತಲ್ಲ. ಟ್ರಂಕು ಮಾತ್ರ ಕೊಡಲಿಲ್ಲ, ಗಟ್ಟಿ ಇದೆ, ಅಕ್ಕಿ ಹಾಕಿಡೋಕೆ ಆಗುತ್ತೆ ಅಂದರು.

ಟ್ರಂಕಿನಲ್ಲಿ ಏನೇನಿತ್ತು ಅಂತ ಪೂರ್ತಿ ನೆನಪಿಲ್ಲ. ಹಳೇ ಪ್ರಬುದ್ಧ ಕರ್ನಾಟಕ ಪತ್ರಿಕೆಯ ಕೆಲವು ಸಂಚಿಕೆ, ಮೂಲೆ ಮುರುಟಿಹೋದ ಯಕ್ಷಗಾನ ಪ್ರಸಂಗದ ಪುಸ್ತಕಗಳು, ಸೊಸೈಟಿಯ ವರದಿಗಳು. ಚೆನ್ನಾಗಿ ನೆನಪಿರುವುದು ಪಂಚಾಂಗಗಳು. ಸುಮಾರು ಮೂವತ್ತು ವರ್ಷದ್ದು, ಒಂದರ ಮೇಲೊಂದು ಇಟ್ಟು ಗೋಣಿದಾರದಲ್ಲಿ ಕಟ್ಟಿದ್ದವು. ಅಜ್ಜ ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಮಳೆ ಬಂದ ದಿನ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿದ ದಿನ, ಆ ವಾರದ ಅಡಿಕೆ ರೇಟು. ಒಂದು ಕಡೆ "ಆರಿದ್ರೆ ಕೈ ಕೊಟ್ಟಿತು" ಅಂತ ಮಾತ್ರ ಇತ್ತು. ಚಿಕ್ಕವನಿದ್ದಾಗ ಅದನ್ನು ಓದಿ, ಆರಿದ್ರೆ ಅಂದರೆ ಯಾರೋ ಅಜ್ಜನಿಗೆ ಮೋಸ ಮಾಡಿದ ಹೆಂಗಸು ಅಂದುಕೊಂಡಿದ್ದೆ. ಅದು ಮಳೆ ನಕ್ಷತ್ರದ ಹೆಸರು ಅಂತ ಗೊತ್ತಾದದ್ದು ಆಮೇಲೆ.

ದೊಡ್ಡಮ್ಮನ ಮೇಲೆ ನನಗೆ ಕೋಪ ಬರಲಿಲ್ಲ, ಸುಳ್ಳು ಹೇಳುತ್ತಿಲ್ಲ. ಅವರು ಮಾಡಿದ್ದರಲ್ಲಿ ತಪ್ಪೇನಿದೆ? ಆ 41 ಕಿಲೋಗೆ ಬೇರೆ ಬೆಲೆ ಇದೆ ಅಂತ ಹೇಳುವವರು ನಮ್ಮ ಊರಿನಲ್ಲಾಗಲಿ, ತಾಲೂಕಿನಲ್ಲಾಗಲಿ ಒಬ್ಬರೂ ಇಲ್ಲ. ಮಂಡಿಗೆ ಒಂದು ಮೂಟೆ ಅಡಿಕೆ ಒಯ್ದರೆ ಒಂದು ಹಿಡಿ ಕೈಗೆ ಹಾಕಿಕೊಂಡು ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ಹೇಳುವ ಜನ ಇದ್ದಾರೆ. ಅವರ ಅಪ್ಪನೂ ಅದೇ ಕೆಲಸ ಮಾಡಿದವನು, ಕೈಗೆ ಅದು ಗೊತ್ತು. ಪುಸ್ತಕಕ್ಕೆ ಹಾಗೆ ಹೇಳುವವರು ಇಲ್ಲ ಅಂದರೆ ಎಲ್ಲವೂ ಒಂದೇ ರಾಶಿ, ಒಂದೇ ತೂಕ, ಒಂದೇ ರೇಟು.

ಇವತ್ತು ಬರೆಯಲು ಕೂತಿದ್ದು ಲಂಡನ್ನಿನ ಒಂದು ಅಂಗಡಿಯ ಬಗ್ಗೆ. ಮ್ಯಾಗ್ಸ್ ಬ್ರದರ್ಸ್. ಹಳೇ, ಅಪರೂಪದ ಪುಸ್ತಕ ಮತ್ತು ಹಸ್ತಪ್ರತಿಗಳನ್ನು ಮಾರುವ ಅಂಗಡಿ. 1853ರಿಂದ ಇದೆ, ಈಗಲೂ ಅದೇ ಮನೆತನದವರೇ ನಡೆಸುತ್ತಿದ್ದಾರೆ. 1853 ಅಂದರೆ ನಮ್ಮಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರುವಾಗಿ ಹತ್ತು ವರ್ಷ ಆಗಿತ್ತು, ಸಿಪಾಯಿ ದಂಗೆಗೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಶುರು ಮಾಡಿದವನು ಯುರೈಯಾ ಮ್ಯಾಗ್ಸ್. ಸಾಮರ್ಸೆಟ್ ಕಡೆಯ ಹಳ್ಳಿಗಾಡಿನವನು. ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ಪುಸ್ತಕದ ಅಂಗಡಿ, ಜೊತೆಗೆ ದುಡ್ಡು ಕಟ್ಟಿ ಪುಸ್ತಕ ಒಯ್ಯುವ ಲೈಬ್ರರಿ. ನಮ್ಮ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇದ್ದವಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿ, ಥೇಟ್ ಅದೇ. ಆಮೇಲೆ ಮಕ್ಕಳು ಸೇರಿಕೊಂಡರು, "ಬ್ರದರ್ಸ್" ಬಂದದ್ದು ಹಾಗೆ. ಪ್ಯಾಡಿಂಗ್ಟನ್‌ನಿಂದ ಸ್ಟ್ರಾಂಡ್‌ಗೆ, ಅಲ್ಲಿಂದ ಕಾಂಡ್ಯುಟ್ ಸ್ಟ್ರೀಟ್‌ಗೆ, 1930ರ ದಶಕದ ಕೊನೆಗೆ ಬರ್ಕ್ಲಿ ಸ್ಕ್ವೇರ್‌ನ 50ನೇ ನಂಬರಿನ ಮನೆಗೆ. ಒಂದೊಂದು ಸಲ ಮನೆ ಬದಲಿಸಿದಾಗಲೂ ಒಂದು ಮೆಟ್ಟಿಲು ಮೇಲೆ.

ಆ 50ನೇ ನಂಬರಿನ ಮನೆ ಇದೆಯಲ್ಲ, ಅದು ಲಂಡನ್ನಿನಲ್ಲೇ ಅತಿ ಹೆಚ್ಚು ದೆವ್ವ ಇರುವ ಮನೆ ಅಂತ ವಿಕ್ಟೋರಿಯಾ ರಾಣಿ ಕಾಲದಿಂದ ಹೆಸರಾಗಿತ್ತು. ಮೇಲಿನ ಕೋಣೆಯಲ್ಲಿ ಮಲಗಿದವರು ಬೆಳಗ್ಗೆ ಎದ್ದಿಲ್ಲ ಅನ್ನುವ ಥರದ ಕಥೆಗಳು. ಇವರು ಅಲ್ಲಿ ಮುಕ್ಕಾಲು ಶತಮಾನಕ್ಕೂ ಜಾಸ್ತಿ ವ್ಯಾಪಾರ ಮಾಡಿದರು. 2015ರಲ್ಲಿ ಖಾಲಿ ಮಾಡಿದರು. ದೆವ್ವದ ಕಾಟಕ್ಕಲ್ಲ.

ದೆವ್ವಕ್ಕಿಂತ ವಿಚಿತ್ರವಾದ ಸಾಮಾನು ಇವರ ಅಂಗಡಿಯಲ್ಲೇ ಇತ್ತು. 1916ರಲ್ಲಿ ನೆಪೋಲಿಯನ್‌ಗೆ ಸೇರಿದ ಒಂದಷ್ಟು ವಸ್ತುಗಳನ್ನು ಇವರು ಕೊಂಡರು. ಸೇಂಟ್ ಹೆಲೆನಾ ದ್ವೀಪದಲ್ಲಿ ಅವನ ಕೊನೆಗಾಲದಲ್ಲಿ ಜೊತೆಗಿದ್ದ ಪಾದ್ರಿ ವಿನ್ಯಾಲಿ, ಅವನ ವಂಶದವರಿಂದ. ಆ ಸಾಮಾನುಗಳ ಪಟ್ಟಿಯಲ್ಲಿ ಒಂದು ಒಣಗಿದ ಚೂರು ಇತ್ತು. ಪಟ್ಟಿ ಬರೆದವರು ಮರ್ಯಾದೆಯಾಗಿ "ಒಣಗಿದ ಸ್ನಾಯು" ಅನ್ನುವಂತೆ ಬರೆದರು. ಯಾವ ಭಾಗದ್ದು ಅಂತ ನಾನು ಇಲ್ಲಿ ಬರೆಯಲ್ಲ, ನಮ್ಮ ಮಾವನೂ ಫೇಸ್‌ಬುಕ್‌ನಲ್ಲಿದ್ದಾರೆ. 1924ರಲ್ಲಿ ಅಮೆರಿಕದ ರೋಸೆನ್‌ಬಾಕ್ ಅನ್ನುವ ದೊಡ್ಡ ಪುಸ್ತಕ ವ್ಯಾಪಾರಿ ಅದನ್ನು ಕೊಂಡ. ಅದು ನಿಜವಾಗಲೂ ನೆಪೋಲಿಯನ್‌ದೇ ಅಂತ ಯಾರೂ ಸಾಬೀತು ಮಾಡಿಲ್ಲ.

ತಮಾಷೆ ಸಾಕು. ಈ ಮನೆತನ ಮಾಡಿದ ಒಂದು ವ್ಯವಹಾರವಂತೂ ತಮಾಷೆಯದಲ್ಲ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದ ಹಿಂದೆ ತಂಗಿ ಮಗನ ಹತ್ತಿರ ಹೋದಾಗ ಬ್ರಿಟಿಷ್ ಲೈಬ್ರರಿಗೆ ಹೋಗಿದ್ದೆ. ಕತ್ತಲು ಕತ್ತಲಾಗಿರುವ ಒಂದು ಹಾಲ್. ಗಾಜಿನ ಪೆಟ್ಟಿಗೆಯೊಳಗೆ ಕೋಡೆಕ್ಸ್ ಸೈನಾಟಿಕಸ್. ಕ್ರಿಸ್ತಶಕ 4ನೇ ಶತಮಾನದ ಗ್ರೀಕ್ ಬೈಬಲ್, ಪ್ರಾಣಿಯ ಚರ್ಮದ ಹಾಳೆಯ ಮೇಲೆ ಬರೆದದ್ದು. ಒಂದು ಪುಟಕ್ಕೆ ನಾಲ್ಕು ಕಿರಿದಾದ ಕಾಲಂ. ಪದಗಳ ನಡುವೆ ಜಾಗವೇ ಇಲ್ಲ, ನಮ್ಮ ತಾಳೆಗರಿಗಳ ಹಾಗೆ ಅಕ್ಷರ ಅಕ್ಷರಕ್ಕೆ ಅಂಟಿಕೊಂಡೇ ಹೋಗುತ್ತದೆ. ಶಾಯಿ ಕಂದಾಗಿದೆ. ಅಲ್ಲಲ್ಲಿ ಮೇಲೆ ಸಣ್ಣಕ್ಕೆ ತಿದ್ದಿದ್ದಾರೆ. ಯಾರೋ ತಪ್ಪು ಬರೆದಿದ್ದಾರೆ, ಇನ್ಯಾರೋ ನೋಡಿ ಸರಿ ಮಾಡಿದ್ದಾರೆ. 1600 ವರ್ಷ ಹಳೆಯ ತಿದ್ದುಪಡಿ ನೋಡಿ ನನಗೆ ಪ್ರೆಸ್‌ನಲ್ಲಿ ಪ್ರೂಫ್ ನೋಡುವ ಗೆಳೆಯನ ನೆನಪಾಯಿತು.

ಇದು ಲಂಡನ್ನಿಗೆ ಬಂದ ಕಥೆ ಉದ್ದ. ಈಜಿಪ್ಟಿನ ಸೈನಾಯ್ ಬೆಟ್ಟದ ಕೆಳಗಿನ ಸೇಂಟ್ ಕ್ಯಾಥರೀನ್ ಮಠದಲ್ಲಿತ್ತು. 1844ರಲ್ಲಿ ಟಿಶೆಂಡಾರ್ಫ್ ಅನ್ನುವ ಜರ್ಮನ್ ಪಂಡಿತ ಅಲ್ಲಿಗೆ ಹೋದ. ಅವನ ಪ್ರಕಾರ ಈ ಹಾಳೆಗಳು ಬೆಂಕಿಗೆ ಹಾಕಲು ಬುಟ್ಟಿಯಲ್ಲಿ ಇಟ್ಟಿದ್ದವು. ಮಠದವರು ಇದನ್ನು ಒಪ್ಪುವುದಿಲ್ಲ. ಅಂತೂ ಅವನು 43 ಹಾಳೆ ಒಯ್ದ. 1859ರಲ್ಲಿ ಮತ್ತೆ ಬಂದು, ಉಳಿದದ್ದರಲ್ಲಿ ಬಹುಪಾಲನ್ನು ರಷ್ಯಾದ ಜಾರ್ ಚಕ್ರವರ್ತಿಗಾಗಿ ತೆಗೆದುಕೊಂಡು ಹೋದ. ಸಾಲವಾಗಿ ಕೊಟ್ಟದ್ದು ಅಂತ ಮಠದವರು, ಉಡುಗೊರೆ ಅಂತ ರಷ್ಯಾದವರು. ಈ ಜಗಳ ಇನ್ನೂ ತಣ್ಣಗಾಗಿಲ್ಲ.

ಆಮೇಲೆ ರಷ್ಯಾದಲ್ಲಿ ಕ್ರಾಂತಿ ಆಯಿತು. ಸ್ಟಾಲಿನ್ ಸರ್ಕಾರಕ್ಕೆ ಯಂತ್ರ ಕೊಳ್ಳಲು ಹೊರದೇಶದ ದುಡ್ಡು ಬೇಕಿತ್ತು, ದೇವರಿಲ್ಲ ಅನ್ನುವವರಿಗೆ ಬೈಬಲ್ ಇಟ್ಟುಕೊಂಡು ಏನಾಗಬೇಕು? ಮ್ಯಾಗ್ಸ್ ಅಂಗಡಿಯಲ್ಲಿ ಮಾರಿಸ್ ಎಟಿಂಗ್‌ಹೌಸನ್ ಅನ್ನುವ ಒಬ್ಬರು ಇದ್ದರು. ಹೊರದೇಶದ ವ್ಯವಹಾರದಲ್ಲಿ ಪಳಗಿದ ಮನುಷ್ಯ. ಅವರು ರಷ್ಯಾಕ್ಕೆ ಹೋದಾಗ ಅಲ್ಲಿನವರಿಗೆ, "ಯಾವತ್ತಾದರೂ ದುಡ್ಡು ಬೇಕು ಅನ್ನಿಸಿದರೆ ಅದನ್ನೊಂದು ಬ್ರೌನ್ ಪೇಪರ್‌ನಲ್ಲಿ ಸುತ್ತಿ ನಮಗೆ ಕಳಿಸಿ" ಅಂತ ತಮಾಷೆಗೆ ಹೇಳಿದ್ದರಂತೆ. 1933ರಲ್ಲಿ ಅದು ನಿಜವೇ ಆಯಿತು. 1 ಲಕ್ಷ ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂ ಪರವಾಗಿ ಈ ಅಂಗಡಿಯವರು ವ್ಯಾಪಾರ ಕುದುರಿಸಿದರು. ಜಗತ್ತೇ ಕೆಲಸವಿಲ್ಲದೆ ಕೂತಿದ್ದ ಕಾಲ ಅದು. ಜನ ಎಷ್ಟು ಕೊಡುತ್ತಾರೋ ಅಷ್ಟೇ ನಾವೂ ಹಾಕುತ್ತೇವೆ ಅಂತ ಸರ್ಕಾರ ಹೇಳಿತು. ಜನ ಕೊಟ್ಟರು. ಆ ವರ್ಷದ ಕ್ರಿಸ್‌ಮಸ್ ಕಳೆದು ಎರಡೇ ದಿನಕ್ಕೆ ಪುಸ್ತಕ ಮ್ಯೂಸಿಯಂ ಸೇರಿತು. ಆಗ ಲೈಬ್ರರಿ ಇದ್ದದ್ದು ಮ್ಯೂಸಿಯಂ ಒಳಗೇ, ಬೇರೆಯಾದದ್ದು ಆಮೇಲೆ.

ಗಾಜಿನ ಪೆಟ್ಟಿಗೆ ಮುಂದೆ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಆ ಬುಟ್ಟಿ. ಟಿಶೆಂಡಾರ್ಫ್ ಸುಳ್ಳನ್ನೇ ಹೇಳಿರಲಿ. ಆದರೆ ಬುಟ್ಟಿಗೂ ಗಾಜಿನ ಪೆಟ್ಟಿಗೆಗೂ ನಡುವೆ ಯಾರೋ ಒಬ್ಬ ನಿಂತು "ಇದು 1 ಲಕ್ಷ ಪೌಂಡಿನದು" ಅನ್ನಬೇಕು. ಅದೇ ಕೆಲಸ. ಬೆಲೆ ಹೇಳಿದ ಮೇಲೆ ಅದನ್ನು ಯಾರೂ ಬುಟ್ಟಿಗೆ ಹಾಕುವುದಿಲ್ಲ.

ನಮ್ಮಲ್ಲಿ ಹಳೇ ಪುಸ್ತಕಕ್ಕೆ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಏನಂತೀವಿ? "ಜ್ಞಾನವನ್ನು ಮಾರಾಟಕ್ಕಿಟ್ಟಿದ್ದಾರೆ" ಅಂತೀವಿ. ಮೊನ್ನೆ ಒಂದು ಗ್ರೂಪ್‌ನಲ್ಲಿ ಒಬ್ಬರು ಕಿಟೆಲ್ ನಿಘಂಟಿನ 1894ರ ಮೊದಲ ಮುದ್ರಣ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನದ್ದು, ಮಾರುತ್ತೇನೆ ಅಂತ ಹಾಕಿದ್ದರು. ಬೆಲೆ ನೋಡಿ ಜನ ಬೈದದ್ದೇ ಬೈದದ್ದು. "ಪಿಡಿಎಫ್ ಫ್ರೀ ಇದೆ" ಅಂತ ಲಿಂಕ್ ಬೇರೆ. ಪಾಪ, ಪೋಸ್ಟ್ ತೆಗೆದುಬಿಟ್ಟರು. ಪಿಡಿಎಫ್ ಇರುವುದು ಯಾರೋ ಪುಸ್ತಕವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರಿಂದ ಅಲ್ವಾ? ಅಜ್ಜನ ಪಂಚಾಂಗದ ಪಿಡಿಎಫ್ ಎಲ್ಲಿ ಸಿಗುತ್ತದೆ? ಅಚ್ಚಾದ ಪಂಚಾಂಗ ಎಲ್ಲೋ ಒಂದು ಕಡೆ ಇದ್ದರೂ ಇರಬಹುದು. ಪೆನ್ಸಿಲ್‌ನಲ್ಲಿ ಬರೆದ ಮಳೆ ಇನ್ನೆಲ್ಲೂ ಇಲ್ಲ.

ಬೆಲೆ ಹೇಳುವುದು ಬಾಯಿಗೆ ಬಂದಂತೆ ಹೇಳುವುದಲ್ಲ. ಒಂದು ಪುಸ್ತಕ ಬಂದರೆ ಮ್ಯಾಗ್ಸ್‌ನಂಥ ಅಂಗಡಿಯವರು ಮೊದಲು ಹಾಳೆ ಎಣಿಸುತ್ತಾರೆ. ಹಳೇ ಪುಸ್ತಕದಲ್ಲಿ ಪುಟಸಂಖ್ಯೆ ನಂಬುವ ಹಾಗಿಲ್ಲ. ಅಚ್ಚಿನ ಹಾಳೆಯನ್ನು ಮಡಿಸಿ ಹೊಲಿದ ಒಂದೊಂದು ಕಟ್ಟಿಗೂ ಬುಡದಲ್ಲಿ ಒಂದು ಅಕ್ಷರ ಇರುತ್ತದೆ, ಅದನ್ನು ನೋಡಿಕೊಂಡು ಒಂದೊಂದೇ ಕಟ್ಟು ತಾಳೆ ಹಾಕಬೇಕು. ಚಿತ್ರದ ಹಾಳೆ ಯಾರಾದರೂ ಕತ್ತರಿಸಿದ್ದಾರಾ, ರಟ್ಟು ಮೂಲದ್ದೇ, ಆಮೇಲೆ ಹಾಕಿಸಿದ್ದೇ, ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದ್ದಾರಾ. ಆಮೇಲೆ ಮೊದಲ ಪುಟದ ಮೂಲೆಯಲ್ಲಿ ಬೆಲೆ. ಪೆನ್ಸಿಲ್‌ನಲ್ಲಿ ಮಾತ್ರ, ಪೆನ್ನಿನಲ್ಲಿ ಬರೆದರೆ ಅಲ್ಲೇ ಪುಸ್ತಕ ಕೆಟ್ಟಿತು. ಈ ವ್ಯಾಪಾರದಲ್ಲಿ ತುಂಬಾ ಜನ ಅದರ ಪಕ್ಕದಲ್ಲೇ ತಾವು ಕೊಂಡ ಬೆಲೆಯನ್ನೂ ಗುಟ್ಟಕ್ಷರದಲ್ಲಿ ಬರೆದಿಡುತ್ತಾರೆ. ಹತ್ತು ಬೇರೆ ಬೇರೆ ಅಕ್ಷರ ಇರುವ ಒಂದು ಪದ ಆರಿಸಿಕೊಳ್ಳುವುದು, ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ. ನಮ್ಮ ಪೇಟೆಯ ಜವಳಿ ಅಂಗಡಿಯವರು ಸೀರೆಯ ಚೀಟಿಯಲ್ಲಿ ಬರೆಯುತ್ತಿದ್ದದ್ದೂ ಇದನ್ನೇ. ಅಮ್ಮ ಅದನ್ನು ಓದಲು ನೋಡಿ ನೋಡಿ ಸೋತಿದ್ದರು.

ಕಾಗದ ಗೊತ್ತಿರಬೇಕು. 1934ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಗಲಾಟೆ ಆಯಿತು. ಟಿ. ಜೆ. ವೈಸ್ ಅಂತ, ಪುಸ್ತಕ ಸಂಗ್ರಹದಲ್ಲಿ ಅವರ ಮಾತೇ ಕೊನೆ ಅನ್ನುವಂಥ ದೊಡ್ಡ ಮನುಷ್ಯ. ಅವರ ಮೂಲಕ ಪೇಟೆಗೆ ಬಂದಿದ್ದ ಕೆಲವು ಕವಿಗಳ "ಮೊದಲ ಮುದ್ರಣ"ದ ಕಿರುಹೊತ್ತಿಗೆಗಳು ಖೊಟ್ಟಿ ಅಂತ ಇಬ್ಬರು ಯುವಕರು ತೋರಿಸಿಬಿಟ್ಟರು. ಹೇಗೆ? ಒಂದರ ಮೇಲೆ 1847 ಅಂತ ಅಚ್ಚಾಗಿತ್ತು, ಕಾಗದದಲ್ಲಿ ರಾಸಾಯನಿಕ ಹಾಕಿ ಬೇಯಿಸಿದ ಮರದ ತಿರುಳಿತ್ತು. 1847ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಕಾಗದವೇ ಇರಲಿಲ್ಲ. ಆ ಇಬ್ಬರು ಯುವಕರು, ಕಾರ್ಟರ್ ಮತ್ತು ಪೊಲಾರ್ಡ್, ಪ್ರೊಫೆಸರುಗಳಲ್ಲ. ಪುಸ್ತಕ ವ್ಯಾಪಾರಿಗಳು.

ಹಾಗಂತ ಈ ವ್ಯಾಪಾರದವರೆಲ್ಲ ಸಂತರು ಅಂತ ನಾನು ಹೇಳುತ್ತಿಲ್ಲ. 1919ರಲ್ಲಿ ರಕ್ಸ್‌ಲಿ ಲಾಜ್ ಅನ್ನುವ ಬಂಗಲೆಯ ಲೈಬ್ರರಿ ಹರಾಜಾಯಿತು. ಬಂದ ವ್ಯಾಪಾರಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದರು, ಒಬ್ಬರ ಮೇಲೊಬ್ಬರು ಕೂಗುವುದು ಬೇಡ ಅಂತ. ಪುಸ್ತಕ ಚಿಲ್ಲರೆ ರೇಟಿಗೆ ಬಂತು. ಆಮೇಲೆ ಬೇರೆ ಕಡೆ ಕೂತು ತಮ್ಮತಮ್ಮಲ್ಲೇ ಮತ್ತೊಂದು ಹರಾಜು ಮಾಡಿ, ಏರಿದ ದುಡ್ಡನ್ನು ಹಂಚಿಕೊಂಡರು. ಮಾರಿದ ಮನೆಯವರಿಗೆ ಸಿಕ್ಕಿದ್ದರ ಎಷ್ಟೋ ಪಟ್ಟು ಈ ಎರಡನೇ ಹರಾಜಿನಲ್ಲಿ ಎದ್ದಿತು. ಇದನ್ನು ತಡೆಯಲು 1927ರಲ್ಲಿ ಕಾನೂನೇ ಬಂತು. ಮಂಡಿಯಲ್ಲಿ ಟೆಂಡರ್ ಹಾಕುವವರು ಹೊಂದಾಣಿಕೆ ಮಾಡಿಕೊಂಡರೆ ರೈತನಿಗೆ ಏನಾಗುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನೂ ಮರೆಯುವ ಹಾಗಿಲ್ಲ. ಲಂಡನ್ನಿಗೆ ಬಂದ ಪುಸ್ತಕವೆಲ್ಲ ದುಡ್ಡು ಕೊಟ್ಟು ಬಂದದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಲ್ಲಿ ಸುಮಾರು 2000 ಸಂಪುಟಗಳ ಲೈಬ್ರರಿ ಇತ್ತು. ಕಂಪನಿಯವರು ಅದನ್ನು ಕಲ್ಕತ್ತಕ್ಕೂ ಲಂಡನ್ನಿಗೂ ಸಾಗಿಸಿದರು. 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಅದಕ್ಕೊಂದು ಪಟ್ಟಿಯನ್ನೂ ಅಚ್ಚು ಹಾಕಿಸಿದ. ಅದರಲ್ಲಿ ಎಷ್ಟೋ ಪುಸ್ತಕ ನಾನು ಕೋಡೆಕ್ಸ್ ನೋಡಿದ ಅದೇ ಕಟ್ಟಡದಲ್ಲಿ ಇವೆ. ಮೈಸೂರು ಸೀಮೆಯವರಿಗೆ ನೋಡಬೇಕು ಅಂದರೆ ವೀಸಾ ಬೇಕು. ಆ ಗಾಜಿನ ಪೆಟ್ಟಿಗೆ ಮುಂದೆ ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು, ಎರಡೂ ಒಟ್ಟಿಗೇ.

ಲೈಬ್ರರಿಯಿಂದ ಹೊರಗೆ ಬಂದವನು ಬೆಡ್‌ಫರ್ಡ್ ಸ್ಕ್ವೇರ್‌ವರೆಗೆ ನಡೆದೆ. ಮ್ಯಾಗ್ಸ್ ಈಗ ಅಲ್ಲಿ 48ನೇ ನಂಬರಿನ ಮನೆಯಲ್ಲಿದೆ. ನಡುವೆ ಮರಗಳ ಪಾರ್ಕು, ಸುತ್ತ 18ನೇ ಶತಮಾನದ ಇಟ್ಟಿಗೆ ಮನೆಗಳ ಸಾಲು. ಎದುರಿಗೆ ಹೋಗಿ ನಿಂತೆ. ಬೆಲ್ ಒತ್ತಲು ಧೈರ್ಯ ಬರಲಿಲ್ಲ. ಕೈಯಲ್ಲಿ ತಂಗಿ ಮಗ ತರಲು ಹೇಳಿದ್ದ ಕೊತ್ತಂಬರಿ ಸೊಪ್ಪಿನ ಕವರ್ ಬೇರೆ ಇತ್ತು. ಹತ್ತು ನಿಮಿಷ ಸುಮ್ನೆ ನಿಂತು ವಾಪಸ್ ಬಂದೆ. ಈಗ ನೆನೆಸಿಕೊಂಡರೆ ನಾಚಿಕೆ, ಒತ್ತಬೇಕಿತ್ತು.

ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನ ಸೆಲೆಕ್ಟ್ ಬುಕ್ ಶಾಪ್ 1945ರಲ್ಲಿ ಶುರುವಾದದ್ದು, ಬ್ರಿಗೇಡ್ ರೋಡಿನ ಪಕ್ಕದ ಸಂದಿಯಲ್ಲಿದೆ. ಅಪ್ಪ, ಮಗ, ಮೊಮ್ಮಗ, ಮೂರು ತಲೆಮಾರು. ಅಲ್ಲಿ ಹೋದರೆ ಗಂಟೆಗಟ್ಟಲೆ ನಿಂತು ಓದಬಹುದು, ಯಾರೂ ಏನು ಬೇಕು ಅಂತ ಬಂದು ಕೇಳುವುದಿಲ್ಲ. ಆದರೆ ಇಷ್ಟು ದೊಡ್ಡ ನಾಡಿಗೆ ಅಂಥವು ಎಷ್ಟಿವೆ, ಬೆರಳು ಮಡಿಸಿ ಹೇಳಿ. ಅದೂ ಕನ್ನಡದ ಹಳೇ ಅಚ್ಚಿಗೇ ಅಂತ ಮೀಸಲಾದದ್ದು?

ಮ್ಯಾಗ್ಸ್‌ನವರು ಹಿಂದಿನ ರಾಜರ ಕಾಲದ್ದನ್ನು ಮಾತ್ರ ಮಾರುತ್ತಾರೆ ಅಂದುಕೊಳ್ಳಬೇಡಿ. 1960ರ ದಶಕದ ಹಿಪ್ಪಿಗಳ ಕರಪತ್ರ, ಪೋಸ್ಟರು, ಸೈಕ್ಲೋಸ್ಟೈಲ್ ಪತ್ರಿಕೆ, ಇವುಗಳಿಗೂ ಬೇರೆ ವಿಭಾಗವನ್ನೇ ಮಾಡಿದ್ದರು. ನನಗೆ ತುಂಬಾ ಕಾಡಿದ್ದು ಇದು. 1973ರ ಬೂಸಾ ಗಲಾಟೆಯ ಕಾಲದ ಕರಪತ್ರ ಯಾರ ಹತ್ತಿರ ಇದೆ? 1982ರ ಗೋಕಾಕ್ ಚಳವಳಿಯಲ್ಲಿ ಊರೂರಲ್ಲಿ ಹಂಚಿದ ಹ್ಯಾಂಡ್‌ಬಿಲ್? ಜಿಲ್ಲೆಯ ಟ್ರೆಡಲ್ ಪ್ರೆಸ್‌ನಲ್ಲಿ ಗುಲಾಬಿ ಬಣ್ಣದ ತೆಳು ಕಾಗದದ ಮೇಲೆ ಅಚ್ಚಾದವು, ಸಂಜೆಗೆ ಕಡಲೆಕಾಯಿ ಪೊಟ್ಟಣ ಆದವು. ಸಂಶೋಧನೆ ಮಾಡುವ ಹುಡುಗರು ಈಗ ಹುಡುಕಿಕೊಂಡು ಮನೆಮನೆ ಅಲೆಯುತ್ತಾರೆ. ಯಾರಾದರೂ ಒಬ್ಬ ಅಂಗಡಿಯವನು ಅವತ್ತೇ ಒಂದೊಂದಕ್ಕೆ 50 ರೂಪಾಯಿ ಕೊಡ್ತೀನಿ ಅಂದಿದ್ದರೆ ಊರಿಗೊಂದು ಕಟ್ಟಾದರೂ ಉಳಿಯುತ್ತಿತ್ತು. ಲಾಭಕ್ಕೇ ಮಾಡಲಿ ಬಿಡಿ. ನನಗೆ ಅದರಲ್ಲಿ ಏನೂ ತಕರಾರಿಲ್ಲ.

ಸರ್ಕಾರ ಮಾಡಲಿ, ಯೂನಿವರ್ಸಿಟಿ ಮಾಡಲಿ ಅಂತ ಕಾಮೆಂಟ್‌ನಲ್ಲಿ ಬರೆಯುತ್ತೀರಿ, ಗೊತ್ತು. ಮಾಡಲಿ. ಆದರೆ ಒಂದು ಸಲ ಇಂಥದೇ ಒಂದು ಕಟ್ಟು ಪುಸ್ತಕ ತೆಗೆದುಕೊಂಡು ಒಂದು ಸಂಸ್ಥೆಗೆ ಹೋಗಿದ್ದೆ, ದುಡ್ಡು ಬೇಡ, ಸುಮ್ನೆ ಇಟ್ಟುಕೊಳ್ಳಿ ಅಂತ. ಅಲ್ಲಿದ್ದವರು, "ಲಿಸ್ಟ್ ಟೈಪ್ ಮಾಡಿ ಮೂರು ಕಾಪಿ ತನ್ನಿ ಸಾರ್, ಮೀಟಿಂಗ್‌ನಲ್ಲಿ ಇಡ್ತೀವಿ" ಅಂದರು. ಕೊಟ್ಟೆ. ನಾಲ್ಕು ವರ್ಷ ಆಯಿತು, ಮೀಟಿಂಗ್ ಇನ್ನೂ ಆಗಿಲ್ಲವೇನೋ. ಅವರನ್ನು ಬೈಯುತ್ತಿಲ್ಲ. ಸಂಬಳಕ್ಕೆ ಕೂತವನಿಗೂ, ಈ ಪುಸ್ತಕ ಕೈತಪ್ಪಿದರೆ ತನ್ನ ಮನೆಯ ಅನ್ನ ಹೋಯಿತು ಅನ್ನುವವನಿಗೂ ಅಷ್ಟು ವ್ಯತ್ಯಾಸ ಇರುತ್ತದೆ. ಎರಡನೆಯವನು ಫೋನ್ ಬಂದ ದಿನವೇ ಬಸ್ ಹತ್ತುತ್ತಾನೆ.

ಇಷ್ಟು ಬರೆದು ಮುಗಿಸೋಣ ಅಂದುಕೊಳ್ಳುವಷ್ಟರಲ್ಲಿ ನಿನ್ನೆ ರಾತ್ರಿ ಚಿಕ್ಕಮ್ಮನ ಫೋನ್. ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದಾರೆ.

"ಅಟ್ಟ ಖಾಲಿ ಮಾಡಿಸ್ತಾ ಇದೀನಿ ಕಣೋ. ನಿಮ್ಮ ಚಿಕ್ಕಪ್ಪಂದು ಎರಡು ಮೂಟೆ ಪುಸ್ತಕ ಇದೆ, ಬರೀ ಇಲಿ ಹಿಕ್ಕೆ. ಗುಜರಿಯವನು ಭಾನುವಾರ ಬರ್ತಾನೆ."

"ಯಾವ ಪುಸ್ತಕ ಚಿಕ್ಕಮ್ಮ?"

"ಯಾವ್ದೋ ಹಳೇದು. ಸಂಘದ್ದು, ನಾಟಕದ್ದು. ಹ್ಯಾಂಡ್‌ಬಿಲ್ಲೂ ಒಂದಷ್ಟು ಇದೆ. ಕಿಲೋಗೆ 14 ಕೊಡ್ತಾನಂತೆ ಈಗ."

ನಾನು 20 ಕೊಡ್ತೀನಿ, ಅವನಿಗೆ ಬೇಡ ಅಂತ ಹೇಳಿ ಅಂದೆ. ಚಿಕ್ಕಮ್ಮ ನಗಾಡಿದರು, ನಿಂಗೆ ತಲೆ ಕೆಟ್ಟಿದೆ ಅಂದರು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಚೆನ್ನಾಗಿರೋದೇ ಇರ್ಬೇಕು, 25 ಕೊಡು" ಅಂದರು.

ಶುಕ್ರವಾರ ರಾತ್ರಿ ಬಸ್ಸಿಗೆ ಸೀಟು ಬುಕ್ ಮಾಡಿದ್ದೇನೆ. ಮಾಸ್ಕು, ಹಳೇ ಟವೆಲ್ಲು, ಒಂದು ಪೇಂಟ್ ಬ್ರಶ್ಶು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಪೆನ್ಸಿಲ್ಲು ಕೂಡ.